ಹಿರಿಮಗನ ಕೂದಲು

ನನ್ನ ತಮ್ಮನ ದೊಡ್ಡ ಮಗ ಓದಲಿಕ್ಕೆಂದು ದಾವಣಗೆರೆಗೆ ಬಂದು ನನ್ನ ಜೊತೆಯಲ್ಲಿದ್ದಾನೆ. ಎಸ್.ಎಸ್. ಬಡಾವಣೆಯಲ್ಲಿ ನನ್ನದೊಂದು ಬಾಡಿಗೆ ಮನೆ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಕೆಲಸ. ನಾನು ಹಕ್ಕಿಪಿಕ್ಕಿ ಜನಾಂಗದವಳು ಎಂದು ತಿಳಿದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವುದು ಒಂದೇ, ಕೂದಲು ಉದುರುವುದಕ್ಕೆ ನಿಮ್ಮವರ ಎಣ್ಣೆ ನಿಜವಾಗಿ ಕೆಲಸ ಮಾಡುತ್ತದಾ ಅಂತ. ಮಾಡುತ್ತದೆ ಅನ್ನುತ್ತೇನೆ. ತಮ್ಮನ ಹೊಟ್ಟೆಪಾಡು ಅದು. ಹರಿಹರದ ಬಸ್ ನಿಲ್ದಾಣದ ಹತ್ತಿರ ಅವನು ಸೊಂಟದವರೆಗಿನ ಕೂದಲು ಬಿಟ್ಟುಕೊಂಡು ನಿಂತರೆ ಸಾಕು, ಬೇರೆ ಜಾಹೀರಾತು ಬೇಕಿಲ್ಲ.

ಆ ಕೂದಲನ್ನು ಅವನು ವ್ಯಾಪಾರಕ್ಕೆಂದು ಬೆಳೆಸಿದ್ದಲ್ಲ. ನಮ್ಮಲ್ಲಿ ಹಿರಿಮಗನ ತಲೆಗೆ ಕತ್ತರಿ ತಾಗಿಸುವುದಿಲ್ಲ. ಕಾಡಿನಲ್ಲಿ ಅಲೆಯುತ್ತಿದ್ದ ಕಾಲದಲ್ಲಿ, ಮನೆಯ ಹಿರಿಮಗ ಯಾರೆಂದು ಸುಲಭವಾಗಿ ಗೊತ್ತಾಗಲಿ ಎಂದು ಹುಟ್ಟಿದ ಪದ್ಧತಿಯಂತೆ. ಮನೆದೇವಿಯನ್ನು ಕಟ್ಟಿಟ್ಟ ಬಟ್ಟೆಯ ಗಂಟು ಬಿಚ್ಚಿ ಪೂಜೆ ಮಾಡುವವನೂ ಅವನೇ. ಕಾಡು ಹೋಯಿತು, ಬೇಟೆ ಅಪರಾಧವಾಯಿತು, ನಮ್ಮ ಹಿರಿಯರನ್ನು ತಂದು ಹರಿಹರದಾಚೆ ಒಂದು ಕೇರಿಯಲ್ಲಿ ಕೂರಿಸಿದರು. ಕೂದಲೊಂದು ಉಳಿಯಿತು. ಅದರಿಂದಾಗಿಯೇ ನಮ್ಮ ಮನೆಯ ಹಿರಿಮಕ್ಕಳು ಯಾರೂ ಶಾಲೆ ಮುಗಿಸಲಿಲ್ಲ. ತಮ್ಮ ಮೂರನೇ ತರಗತಿಯಲ್ಲೇ ಚೀಲ ಎಸೆದು ಬಂದ. ಓದಿದ್ದು ನಾನು, ಹೆಣ್ಣು. ನನ್ನ ಉದ್ದ ಜಡೆಗೆ ಯಾವ ಮೇಷ್ಟ್ರ ತಕರಾರೂ ಇರಲಿಲ್ಲ.

ಈ ಹುಡುಗನಿಗೆ ಶಾಲೆಯೆಂದರೆ ಜೀವ, ಅದರಲ್ಲೂ ಲೆಕ್ಕ. ಎಂ.ಸಿ.ಸಿ. ಬಡಾವಣೆಯ ಖಾಸಗಿ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಸೀಟು ಸಿಕ್ಕಾಗ ನನ್ನ ಸ್ಕೂಟಿಯ ಹಿಂದೆ ಕೂತು ದಾರಿಯುದ್ದಕ್ಕೂ ಹಾಡು ಹೇಳಿದ್ದ. ಕೂದಲನ್ನು ಎತ್ತಿ ಬಿಗಿಯಾಗಿ ಗಂಟು ಹಾಕಿ, ಮೇಲೊಂದು ಕಪ್ಪು ಬಟ್ಟೆ ಕಟ್ಟಿ ಕಳಿಸುತ್ತಿದ್ದೆ. ಸ್ವಲ್ಪ ದಿನಕ್ಕೇ ಅವನನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸತೊಡಗಿದರು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಉಳಿದ ಮಕ್ಕಳು ಒಳಗೆ ಹೋಗುವವರೆಗೆ ಗೇಟಿನ ಹತ್ತಿರ ಒಬ್ಬನೇ ನಿಂತಿರಬೇಕು, ಅಷ್ಟೇ. ಆ ಪುಣ್ಯಾತ್ಮ ಮನೆಯಲ್ಲಿ ಬಾಯಿ ಬಿಡಲಿಲ್ಲ. ಶಾಲೆಯಿಂದ ಫೋನ್ ಬಂದ ಮೇಲೆಯೇ ನನಗೆ ತಿಳಿದದ್ದು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಚೆನ್ನಾಗಿ ಜಗಳ ಆಡಬೇಕೆಂದೇ ಹೋದೆ. ಆದರೆ ಅಲ್ಲಿನ ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯ, ಅದೇ ತೊಂದರೆಯಾಯಿತು. ಎದ್ದು ನಿಂತು ಕುರ್ಚಿ ತೋರಿಸಿದರು, ಚಹಾ ತರಿಸಿದರು.

"ಕೂಡ್ರಿ ಮೇಡಂ. ಹುಡುಗ ಭಾಳ ಚುರುಕು ಅದಾನ್ರಿ. ಆದ್ರೆ ಶಿಸ್ತು ಅಂತ ಒಂದು ಐತಲ್ರಿ. ಇವತ್ತು ಇವನಿಗೆ ಬಿಟ್ರೆ ನಾಳೆ ಎಲ್ಲಾರೂ ಫ್ಯಾಶನ್ ಅಂತ ಬಿಟ್ಕಂಡು ಬರ್ತಾರೆ."

"ಸರ್ದಾರ್ಜಿ ಹುಡುಗ ಪೇಟ ಸುತ್ಕಂಡು ಬಂದ್ರೆ ಏನ್ ಮಾಡ್ತೀರಿ ಸರ್?"

"ಅದು ಧರ್ಮ ಮೇಡಂ. ಇದು ನಿಮ್ ಪದ್ಧತಿ."

ನಮ್ಮ ದೇವಿಗೆ ಗುಡಿಯಿಲ್ಲ, ಗ್ರಂಥವಿಲ್ಲ. ಬಟ್ಟೆಯ ಗಂಟಿನಲ್ಲಿ ಇರುವವಳು. ಅವಳೂ ಧರ್ಮವೇ ಎಂದು ನಾನು ಹೇಗೆ ರುಜುವಾತು ಮಾಡಲಿ? ಬುಡಕಟ್ಟು ಜನರ ಸಂಸ್ಕೃತಿಯನ್ನು ಗೌರವಿಸಬೇಕು ಎಂದು ವರ್ಷವೂ ಮಕ್ಕಳ ಕೈಲಿ ಬರೆಸುವ ನಾನು ಚಹಾದ ಲೋಟ ಕೆಳಗಿಟ್ಟು ಎದ್ದೆ. ಹೊರಡುವಾಗ ಅವರು ಪ್ರೀತಿಯಿಂದಲೇ, "ನಮ್ ಮನ್ಯಾಗೂ ನಿಮ್ಮೋರ ಎಣ್ಣೇನೇ ಹಚ್ಚೋದ್ರಿ, ಭಾಳ ಚಲೋ ಐತೆ" ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಥ್ಯಾಂಕ್ಸ್ ಹೇಳಿ ಬಂದೆ.

ಮೇಲಿನವರಿಗೆ ದೂರು ಕೊಡಬಹುದಿತ್ತು. ಅವರು ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಹುಡುಗನ ಎಸ್ಸೆಸ್ಸೆಲ್ಸಿ ಮುಗಿದಿರುತ್ತದೆ. ತಮ್ಮನಿಗೆ ಫೋನ್ ಮಾಡಿದೆ. ಅವನು ಕೂಗಾಡಿ ಮಗನನ್ನು ಕರೆದುಕೊಂಡು ಹೋಗುತ್ತಾನೆ ಎಂದುಕೊಂಡಿದ್ದೆ. ಮರುದಿನ ಬಂದವನು ಚಪ್ಪಲಿ ಬಿಡುತ್ತಲೇ, "ಕತ್ತರ್ಸಾಣ ಅಕ್ಕಾ" ಅಂದ. ನಾವು ಮಾತಾಡಿದ್ದು ನಮ್ಮ ಮನೆಮಾತಿನಲ್ಲಿ. ಅದಕ್ಕೆ ಲಿಪಿಯಿಲ್ಲ, ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಇಂಥ ದೊಡ್ಡ ಕೆಲಸಕ್ಕೆ ಮೊದಲು ನಾವು ದೇವಿಯ ಮುಂದೆ ಕೂತು ಒಂದು ಚಿಟಿಕೆ ಕಾಳು ತೆಗೆದು ಎಣಿಸುತ್ತೇವೆ. ಬೆಸ ಬಂದರೆ ಅವಳ ಒಪ್ಪಿಗೆ, ಸರಿ ಬಂದರೆ ಇಲ್ಲ.

"ಕಾಳು ತೆಗೆದ್ಯಾ?" ಎಂದು ಕೇಳಿದೆ.

"ಇಲ್ಲ. ಕೇಳಿದ್ರೆ ಬ್ಯಾಡ ಅಂದ್ಬಿಟ್ಟಾಳು. ಬ್ಯಾಡ ಅಂದ್ಮೇಲೆ ಕತ್ತರ್ಸಾಕೆ ಬರಲ್ಲ. ಅದ್ಕೇ ಕೇಳ್ಲಿಲ್ಲ."

ಅವ್ವನಿಗೂ ಹೇಳಿರಲಿಲ್ಲ. ಹೇಳಿದ್ದರೆ ಅವಳೇ ಕಾಳು ತಂದು ಅವನ ಮುಂದೆ ಇಡುತ್ತಿದ್ದಳು.

ಸಲೂನಿನವನು ಗಂಟು ಬಿಚ್ಚಿದ ಕೂದಲನ್ನು ಕೈಯಲ್ಲಿ ಹಿಡಿದು, "ಅಪ್ಪ ಇಷ್ಟುದ್ದ ಬಿಟ್ಕಂಡೀರಿ, ಮಗಂದು ಯಾಕ ತಗಸ್ತೀರಿ?" ಎಂದು ಕೇಳಿದ. ತಮ್ಮ ಒಂದು ಎಳೆಯೂ ನೆಲಕ್ಕೆ ಬೀಳದಂತೆ ಟವೆಲ್ ಹಿಡಿದು ನಿಂತಿದ್ದ. ಹುಡುಗ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳದೆ ನನ್ನನ್ನೇ ನೋಡುತ್ತಿದ್ದ. ಬೇಡ ಅನ್ನಲೂ ಆಗದೆ, ಆಗಲಿ ಅನ್ನಲೂ ಆಗದೆ ಕೂತಿದ್ದೆ. ಮರುದಿನದಿಂದ ಅವನನ್ನು ಸಾಲಿನಲ್ಲಿ ನಿಲ್ಲಿಸಿಕೊಂಡರು.

ಮುಂದಿನ ಭಾನುವಾರ ಅವ್ವನನ್ನು ನೋಡಲು ಹರಿಹರಕ್ಕೆ ಹೊರಟೆವು. ಬಸ್ಸು ಬಾತಿ ಊರು ದಾಟಿದ ಮೇಲೆ ಹುಡುಗ ಮತ್ತೆ ಮತ್ತೆ ಕತ್ತಿನ ಹಿಂದೆ ಕೈಯಾಡಿಸಿಕೊಳ್ಳತೊಡಗಿದ. ಅವ್ವನ ಕಣ್ಣಿಗೆ ಪೊರೆ ಬಂದು ಈಗ ನೆರಳಷ್ಟೇ ಕಾಣುತ್ತದೆ. ಬಾಗಿಲಲ್ಲಿ ಕೂತು ಬೆರಳಿನಲ್ಲೇ ತಡಕಿ ಮಣಿ ಪೋಣಿಸುತ್ತಿದ್ದಳು. ತಮ್ಮನ ಚಿಕ್ಕ ಮಗ ಆಡಲು ಹೋಗಿದ್ದ. ಅವನು ಇವನಿಗಿಂತ ಒಂದೇ ವರ್ಷ ಚಿಕ್ಕವನು, ಇಬ್ಬರ ಧ್ವನಿಯೂ ಒಡೆಯುತ್ತಿರುವ ವಯಸ್ಸು. ಹುಡುಗ ಹೋಗಿ ಅವಳ ಮುಂದೆ ಕೂತ. ಅವ್ವ ತಲೆಯ ಮೇಲೆ ಕೈಯಿಟ್ಟಳು. ಕೈ ಹಿಂದಕ್ಕೆ ಸರಿದು ಕತ್ತಿನವರೆಗೆ ಬಂತು, ಬೆನ್ನಿಗೂ ಇಳಿಯಿತು, ಬರಿ ಅಂಗಿ ಸಿಕ್ಕಿತು.

"ಚಿಕ್ಕೋನೇನೋ? ಅತ್ತೆ ಬಂದಂಗಿತ್ತು. ನಿಮ್ಮಣ್ಣ ಬರ್ಲಿಲ್ವಾ?"

ಒಳಗಿದ್ದ ತಮ್ಮ ಗೋಡೆಗೆ ತೂಗುಹಾಕಿದ್ದ ದೇವಿಯ ಗಂಟಿನ ಕಡೆ ಮುಖ ತಿರುಗಿಸಿದ.

"ಇಲ್ಲ ಅಜ್ಜಿ" ಅಂದ ಹುಡುಗ. "ಅಣ್ಣಂಗೆ ಇವತ್ತೂ ಸಾಲಿ ಐತೆ."

"ಓದ್ಲಿ ಬಿಡು" ಅಂದಳು ಅವ್ವ. ಮತ್ತೆ ಮಣಿ ಕೈಗೆತ್ತಿಕೊಂಡು, "ಕೂದ್ಲು ಜ್ವಾಪಾನ ಅಂತ ಹೇಳು ಅವನಿಗೆ" ಅಂದಳು.

ಹೇಳ್ತೀನಿ ಅಂದ ಅವನು.