ಡಾಕ್ಟರ ಬ್ಯಾಗಿನಲ್ಲೊಂದು ಕುಡುಗೋಲಿನ ತುಂಡು

ಗೆಳೆಯರೇ, ಇವತ್ತು ಬೆಳಿಗ್ಗೆ ಯಲಹಂಕದ ನಮ್ಮ ಮನೆಗೆ ಬಂದಿದ್ದ ವೈದ್ಯಕೀಯ ವಿದ್ಯಾರ್ಥಿನಿ ನನ್ನ ಹಳೆಯ ಡಾಕ್ಟರ್ ಬ್ಯಾಗಿಗೆ ಕೈಹಾಕಿ ಬೆಚ್ಚಿಬಿದ್ದಳು.

"ಸಾರ್, ಇದ್ಯಾವ ಇನ್‌ಸ್ಟ್ರುಮೆಂಟು?"

ಅವಳ ಕೈಯಲ್ಲಿದ್ದದ್ದು ಬೆರಳುದ್ದದ ಕುಡುಗೋಲಿನ ತುಂಡು. ಹಿಂದೆ ಫ್ಯಾಮಿಲಿ ಡಾಕ್ಟರುಗಳು ತುರ್ತು ಕರೆಗೆ ಏನೇನು ಸಿದ್ಧವಾಗಿ ಇಟ್ಟುಕೊಳ್ಳುತ್ತಿದ್ದರು ಎಂದು, ಹಳ್ಳಿಗೊಂದು ಪಟ್ಟಣಕ್ಕೊಂದು ಕಾಲಂ ಮಾಡಿ ಬರೆದುಕೊಳ್ಳುತ್ತಿದ್ದಳು.

ಹೇಳಿದೆ. ಎಂಬತ್ತರ ದಶಕದಲ್ಲಿ ಒಂದು ದಿನ, ಆಗಿನ್ನೂ ಹಳ್ಳಿಯಾಗಿದ್ದ ಕೋಗಿಲಿನಿಂದ ಕರೆ ಬಂತು. ಹೊಲದಲ್ಲಿ ಜೇನು ಕಚ್ಚಿ ಹೆಂಗಸೊಬ್ಬಳಿಗೆ ಉಸಿರು ಕಟ್ಟುತ್ತಿತ್ತು. ಬೇಕಾದ ಔಷಧಿ ಬಾಯಿ ಬೆಸೆದ ಪುಟ್ಟ ಗಾಜಿನ ಆಂಪೂಲಿನಲ್ಲಿತ್ತು, ಇದ್ದದ್ದೂ ಒಂದೇ. ಅದರ ಕತ್ತು ಗೀರುವ ಪುಟ್ಟ ಅರವನ್ನು ಮಾತ್ರ ಮರೆತು ಬಂದಿದ್ದೆ! ಗೀರದೆ ಮುರಿದರೆ ಗಾಜು ಪುಡಿಯಾಗಿ ಔಷಧಿ ಮಣ್ಣುಪಾಲು.

ಅವಳ ಅತ್ತೆ ರಾಗಿ ಕೊಯ್ಯುವ ಹಲ್ಲಿನ ಕುಡುಗೋಲು ಚಾಚಿದರು. "ಇಂಗೆ ಮೆತ್ತಗೆ ಉಜ್ಜಿ ಡಾಕ್ಟ್ರೇ."

ಗೀರಿದೆ, ಮುರಿದೆ, ಚುಚ್ಚಿದೆ. ಸೊಸೆ ಉಸಿರಾಡಿದಳು. ಆ ಮನೆಯಲ್ಲಿದ್ದ ಮುರುಕು ಕುಡುಗೋಲಿನ ತುಂಡೊಂದನ್ನು ಅಂದೇ ಕೇಳಿ ತಂದೆ.

ಹುಡುಗಿ ಪೆನ್ನು ಎತ್ತಿಕೊಂಡಳು. "ಹಾಗಾದ್ರೆ ಹಳ್ಳಿ ಕಾಲಂನಲ್ಲಿ ಕುಡುಗೋಲು ಅಂತ ಬರ್ಕೊಳ್ಲಾ ಸಾರ್?"

"ಬೇಡಮ್ಮ, ಪಟ್ಟಣದ ಕಾಲಂನಲ್ಲಿ ಬರ್ಕೋ. ಕೋಗಿಲಿನಲ್ಲಿ ಮನೆಮನೆಲೂ ಕುಡುಗೋಲಿತ್ತು. ಸಿಟಿಯೊಳಗೆ ಆರ್.ಟಿ. ನಗರದವರು ಕರೆದ್ರೆ ನಾನೇ ತಗೊಂಡ್ ಹೋಗ್ಬೇಕಿತ್ತಲ್ಲ!"