ಅತ್ತೆಯ ಕಾರಿನ ಕ್ಯಾಮ್‌ಶಾಫ್ಟ್

ಅರ್ಧ ಆಯುಷ್ಯವನ್ನು ಲಾರಿಗಳ ಅಡಿಯಲ್ಲೇ ಕಳೆದ ಆ ಮೆಕ್ಯಾನಿಕ್‌ಗೆ ಬೀದಿಯವರೆಲ್ಲ ಇಟ್ಟ ಹೆಸರು ಲಾರಿ ಡಾಕ್ಟರ್. ಆದರೆ ಅತ್ತೆಯ ಪುಟ್ಟ ಕಾರು ಅವನ ಮಾನ ಕಳೆಯಲು ಟೊಂಕ ಕಟ್ಟಿ ನಿಂತಿತ್ತು. ಸ್ಕ್ಯಾನರ್ ಹಾಕಿದಾಗಲೆಲ್ಲ, ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಟೈಮಿಂಗ್ ತಪ್ಪಿದೆ ಎಂಬ ಅದೇ ಎರರ್ ಕೋಡು. ಸೆನ್ಸರ್ ಬದಲಿಸಿದ, ವೈರು ತಡಕಾಡಿದ, ಟೈಮಿಂಗ್ ಚೈನನ್ನೂ ಬಿಚ್ಚಿ ನೋಡಿದ. ಕೋಡು ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ.

ಅದೇ ಗ್ಯಾರೇಜಿನಲ್ಲಿ ಕಾರುಗಳನ್ನು ನೋಡಿಕೊಳ್ಳುವ ಹೆಂಡತಿ ಬಂದು, ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿದಳು.

"ರೀ, ಇದಕ್ಕೆ ಲಾರಿ ಆಯಿಲ್ ಹಾಕಿದೀರಾ?"

"ಅತ್ತೆ ಕಾರು ಕಣೇ! ಇರೋದ್ರಲ್ಲೇ ಗಟ್ಟಿ ಆಯಿಲ್ ಹುಡುಕಿ ಹಾಕ್ದೆ."

"ಇದರಲ್ಲಿ ಕ್ಯಾಮ್‌ಶಾಫ್ಟನ್ನ ಹಿಂದೆ ಮುಂದೆ ಸರಿಸೋದೇ ಆಯಿಲ್ಲು. ಈ ಬೆಲ್ಲದ ಪಾಕ ಅಷ್ಟು ಸಣ್ಣ ತೂತಲ್ಲಿ ಹೇಗ್ರೀ ಹರಿಯುತ್ತೆ?"

ತೆಳು ಆಯಿಲ್ ಹಾಕಿ ಕೋಡು ಅಳಿಸಿದ ಮೇಲೆ ಅದು ಮತ್ತೆ ತಲೆ ಎತ್ತಲಿಲ್ಲ. ಬಾಗಿಲ ಬಳಿ ಸ್ಟೂಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ, ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ನಿಮ್ಮ ಮಾವನೋರೂ ಹೀಗೇ ಅಳಿಯಂದ್ರೇ, ಪ್ರೀತಿ ಉಕ್ಕಿದಾಗಲೇ ಏನಾದ್ರೂ ಕೆಡಿಸೋರು. ಮುಂದಿನ ಸಲಾನೂ ಆಯಿಲ್ ನಿಮ್ಮ ಕೈಲೇ ಹಾಕಿಸ್ತೀನಿ."