ವಿಚಾರಣೆ ಬೇಡವಾದ ಹೊಳೆ

ಚಿಕ್ಕಬೀರಮ್ಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದು ಮೀಸಲಾತಿಯ ದಯೆಯಿಂದ ಎಂದು ಊರಲ್ಲಿ ಎಲ್ಲರೂ ಅವಳ ಎದುರಿಗೇ ಹೇಳುತ್ತಿದ್ದರು. ಅವಳೂ ಅಲ್ಲವೆನ್ನುತ್ತಿರಲಿಲ್ಲ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಒಂದು ಹಿಂಡು ಕುರಿ, ಹೊಳೆದಂಡೆಯಲ್ಲಿ ಒಂದು ತುಂಡು ಗದ್ದೆ, ಇಷ್ಟೇ ಅವಳ ಬದುಕು. ಎರಡು ಸಾವಿರನೇ ಇಸವಿಯ ಚುನಾವಣೆಯಲ್ಲಿ ಅವಳನ್ನು ನಿಲ್ಲಿಸಿದವನು ಮೈದುನ ನಿಂಗಯ್ಯ. ತಾನೂ ಇನ್ನೊಂದು ಸ್ಥಾನದಿಂದ ಗೆದ್ದಿದ್ದ.

"ಅತ್ಗೆವ್ವ, ನೀನು ಕುರ್ಚಿ ಮ್ಯಾಲೆ ಕುಂತ್ಕೊ, ಸಾಕು. ಮಿಕ್ಕಿದ್ದು ನಾ ನೋಡ್ಕತೀನಿ" ಎಂದಿದ್ದ.

ಅವಳು ಕುಂತಳು. ಆದರೆ ಸುಮ್ಮನೆ ಕೂರುವುದು ಅವಳ ಜಾಯಮಾನವಾಗಿರಲಿಲ್ಲ. ಮೊದಲ ವರ್ಷವೇ ಕೆಟ್ಟು ನಿಂತಿದ್ದ ಬೋರ್‌ವೆಲ್ ರಿಪೇರಿಗೆ ಕೆ.ಆರ್. ನಗರದ ತಾಲ್ಲೂಕು ಕಚೇರಿಗೆ ಅಲೆದು ಅಲೆದು ಎಂಜಿನಿಯರನ್ನು ಊರಿಗೆ ಕರೆತಂದಳು. ನಿಂಗಯ್ಯನಿಗೆ ಅಂದಿನಿಂದಲೇ ಒಂದು ಥರ ಇರುಸುಮುರುಸು.

ಅವರ ಕೊಪ್ಪಲು ಇದ್ದದ್ದು ಕಾವೇರಿಯ ದಡದಲ್ಲಿ. ಊರಿನ ಮೇಲ್ಗಡೆ ಹಳೇ ಕಲ್ಲುಕಟ್ಟೆ. ಅದರ ಕೆಳಗೆ ಹೊಳೆ ಬಂಡೆಗಳ ನಡುವೆ ಹರಿದುಹೋಗುತ್ತಿತ್ತು. ಊರಿನವರು ಬಟ್ಟೆ ಒಗೆಯುವುದು, ದನ ಕುರಿಗಳ ಮೈ ತೊಳೆಯುವುದು, ಮೀನು ಹಿಡಿಯುವುದು ಎಲ್ಲವೂ ಅಲ್ಲೇ. ಕುಡಿಯುವ ನೀರಿನ ಬಾವಿಗೂ ಆ ಹೊಳೆಯದೇ ಒರತೆ. ಅಧ್ಯಕ್ಷೆಯಾದ ಮರುವರ್ಷ ಒಂದು ಜೀಪು ಬಂದು ಪಂಚಾಯಿತಿ ಮುಂದೆ ನಿಂತಿತು. ಇಳಿದವನು ಒಂದು ಕಂಪನಿಯ ಮ್ಯಾನೇಜರು, ಹೆಸರು ಚೇತನ್ ಕುಮಾರ್. ಕಟ್ಟೆಯ ಹಿಂದಿನಿಂದ ಕಾಲುವೆ ತೆಗೆದು, ಆ ನೀರಿನಿಂದ ಕರೆಂಟು ಮಾಡುವ ಕಿರು ಜಲವಿದ್ಯುತ್ ಯೋಜನೆ. ಪಂಚಾಯಿತಿಯ ಒಪ್ಪಿಗೆ ಬೇಕಿತ್ತು.

"ಒಂದು ತೊಟ್ಟು ನೀರೂ ಖರ್ಚಾಗಲ್ಲ ಅಮ್ಮ. ಹೊಗೆ ಇಲ್ಲ, ಬೂದಿ ಇಲ್ಲ. ತಗೋತೀವಿ, ಯಂತ್ರ ತಿರುಗಿಸ್ತೀವಿ, ವಾಪಸ್ ಹೊಳೆಗೇ ಬಿಡ್ತೀವಿ" ಎಂದ ಆತ.

"ಎಲ್ಲಿ ಬುಡ್ತೀರಿ ಸಾರ್ ವಾಪಸ್ಸು?"

"ಎರಡು ಮೈಲಿ ಕೆಳಗೆ."

"ನಮ್ಮೂರು ಆ ಎಲ್ಡು ಮೈಲಿ ಒಳಗೇ ಅದೆ ಕಣ್ರೀ."

ಚೇತನ್ ಕುಮಾರ್ ನಕ್ಕು, ಸ್ವಲ್ಪ ನೀರು ಈ ಕಡೆಗೂ ಬಿಡುತ್ತೇವೆ ಎಂದ. ಎಷ್ಟು ಎಂದು ಕೇಳಿದ್ದಕ್ಕೆ, ಅದನ್ನೆಲ್ಲ ಎಂಜಿನಿಯರು ನೋಡಿಕೊಳ್ಳುತ್ತಾರೆ ಎಂದು ಜೀಪು ಹತ್ತಿದ.

ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರ ತರಬೇತಿಗೆ ಹೋಗಿದ್ದಾಗ ಚಿಕ್ಕಬೀರಮ್ಮ ಒಂದು ಮಾತು ಕೇಳಿಸಿಕೊಂಡಿದ್ದಳು. ದೊಡ್ಡ ಯೋಜನೆ ಬಂದರೆ ಸರ್ಕಾರ ಮೊದಲು ಜನರನ್ನು ಸೇರಿಸಿ ಅವರ ಅಹವಾಲು ಕೇಳಬೇಕು, ಪರಿಸರದ ಅನುಮತಿ ಕೊಡುವುದು ಆಮೇಲೆ. ಅವಳು ಗೆಳತಿ ಚಿಕ್ಕಬಸಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಚಿಕ್ಕಬಸಮ್ಮ ಹೊಳೆಯಲ್ಲಿ ಬಟ್ಟೆ ಒಗೆದು ಜೀವನ ಮಾಡುವವಳು. ಹೊಳೆಯ ವಿಷಯವೆಂದರೆ ತನ್ನದೇ ಮನೆಯ ವಿಷಯ ಎಂಬಂತೆ ಕೆಲಸ ಬಿಟ್ಟು ಹೊರಟುಬಂದಿದ್ದಳು.

ಮೈಸೂರಿನ ಪರಿಸರ ಇಲಾಖೆ ಕಚೇರಿಯ ಅಧಿಕಾರಿ ಒಳ್ಳೆಯವನೇ. ಕೂರಿಸಿ ಮಾತಾಡಿಸಿದ. "ಐವತ್ತು ಕೋಟಿ ಒಳಗಿನ ಯೋಜನೆಗೆ ಆ ಕಾನೂನು ಬರಲ್ಲ ಅಮ್ಮ. ಜನರನ್ನ ಸೇರಿಸಿ ಕೇಳೋ ವಿಚಾರಣೆ ಬೇಕಿಲ್ಲ, ದಿಲ್ಲಿಯ ಅನುಮತಿಯೂ ಬೇಕಿಲ್ಲ."

"ಅದು ಐವತ್ತು ಕೋಟಿಗಿಂತ ಜಾಸ್ತಿದು ಅಂತ ಕಂಪ್ನಿಯೋರೇ ಊರಲ್ಲಿ ಯೋಳ್ಕಂಡು ತಿರುಗ್ತಾವ್ರೆ."

"ಎರಡೂ ಸೇರಿಸಿದ್ರೆ ಜಾಸ್ತಿಯೇ. ಆದ್ರೆ ಎರಡು ಕಂಪನಿ ಹೆಸರಲ್ಲಿ ಎರಡು ಯೋಜನೆ ಮಾಡಿದ್ದಾರೆ. ಒಂದೊಂದೂ ಮಿತಿಯೊಳಗೇ ಇದೆ."

"ಒಂದೇ ಹೊಳೆ, ಒಂದೇ ಕಾಲ್ವೆ, ಒಬ್ಬನೇ ಮ್ಯಾನೇಜರು. ಎಲ್ಡು ಎಂಗಾಯ್ತದೆ ಸಾರ್?"

ಅಧಿಕಾರಿ ಕನ್ನಡಕ ತೆಗೆದು ಒರೆಸಿದ. "ನನಗೂ ಗೊತ್ತು ಅಮ್ಮ. ಆದ್ರೆ ಇದು ಸರ್ಕಾರವೇ ಪ್ರೋತ್ಸಾಹ ಕೊಡ್ತಿರೋ ಥರದ ಯೋಜನೆ. ಬೇಡ ಅನ್ನೋಕೆ ನನ್ನ ಕೈಯಲ್ಲಿ ಏನೂ ಇಲ್ಲ. ನಿಮ್ಮ ಕೈಯಲ್ಲಿ ಪಂಚಾಯಿತಿ ಒಪ್ಪಿಗೆ ಇದೆ. ಅದನ್ನ ಹಿಡಿದುಕೊಳ್ಳಿ."

ಅವಳು ಹಿಡಿದುಕೊಂಡಳು. ಎರಡು ಸಭೆಗಳಲ್ಲಿ ಆ ವಿಷಯ ಬಂತು, ಎರಡರಲ್ಲೂ ಜನರನ್ನು ಸೇರಿಸಿ ಕೇಳುವವರೆಗೆ ಒಪ್ಪಿಗೆಯಿಲ್ಲ ಎಂದಳು. ಮೂರನೆಯ ಸಭೆ ಸೇರಿದ್ದು ಅವಳ ಮೇಲಿನ ಅವಿಶ್ವಾಸ ನಿರ್ಣಯಕ್ಕೆ. ಹೆಂಗಸಿಗೆ ಆಡಳಿತ ಬರುವುದಿಲ್ಲ, ಊರಿನ ಅಭಿವೃದ್ಧಿಗೆ ಅಡ್ಡ ನಿಂತಿದ್ದಾಳೆ ಎಂಬ ದೂರು. ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ನಿಂಗಯ್ಯನ ಕೈ. ಅವನ ಮಗ ಚಲುವರಾಜುವಿಗೆ ಕಂಪನಿಯಲ್ಲಿ ಕಾಯಂ ಕೆಲಸ ಎಂಬ ಮಾತಾಗಿತ್ತು. ಚಿಕ್ಕಬೀರಮ್ಮನಿಗೆ ಅದು ಆಗಲೇ ಗೊತ್ತಿತ್ತು. ಆದರೂ ಮೈದುನ ತನ್ನ ಕಡೆ ಒಮ್ಮೆ ನೋಡಿಯಾನು ಎಂದು ಕಾದಳು. ಅವನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

ಹೊಸ ಅಧ್ಯಕ್ಷೆ ಮೊದಲ ಸಭೆಯಲ್ಲೇ ಒಪ್ಪಿಗೆ ಕೊಟ್ಟಳು. ಬಂಡೆ ಸಿಡಿಸುವ ಸದ್ದಿಗೆ ಎರಡು ವರ್ಷ ಊರು ನಡುಗಿತು. ಕಾಲುವೆಗೆ ನೀರು ಬಿಟ್ಟ ದಿನ ಶಾಮಿಯಾನ ಹಾಕಿ ಸಿಹಿ ಹಂಚಿದರು. ಹಂಚುತ್ತಿರುವಾಗಲೇ ಕಟ್ಟೆಯ ಕೆಳಗಿನ ಹೊಳೆ ಬತ್ತುತ್ತಾ ಬಂತು. ಬೇಸಿಗೆ ಹೊತ್ತಿಗೆ ಅಲ್ಲಿ ಕಲ್ಲು, ಪಾಚಿ, ಅಲ್ಲಲ್ಲಿ ಗುಂಡಿ ನೀರು, ಸತ್ತ ಮೀನಿನ ನಾತ. ಬಾವಿ ತಳ ಕಂಡಿತು. ಅವಿಶ್ವಾಸಕ್ಕೆ ಕೈ ಎತ್ತಿದವರೇ ಬಂದು ಅವಳ ಜಗುಲಿ ಮೇಲೆ ಕೂತರು.

"ಏನಾರಾ ಮಾಡವ್ವ."

"ನಾನ್ಯಾರು ಮಾಡಕೆ? ನಂಗೆ ಆಡಳಿತ ಬರಾಕಿಲ್ಲ ಅಂತ ನೀವೇ ಬರ್ಸಿದ್ದೀರಲ್ಲಾ" ಎಂದು ಅವಳು ಕುರಿ ಹೊಡೆದುಕೊಂಡು ಕೆರೆ ಕಡೆ ಹೋದಳು. ಆ ದಿನವಿಡೀ ಆ ಮಾತು ಆಡಿದ್ದಕ್ಕೆ ಅವಳಿಗೆ ಸಮಾಧಾನವೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ.

ಚಿಕ್ಕಬಸಮ್ಮ ಮಾತ್ರ ಹೊಳೆ ಬಿಡಲಿಲ್ಲ. ಬೇರೆ ದಾರಿಯೂ ಅವಳಿಗಿರಲಿಲ್ಲ. ಹೊಳೆಯ ನಡುಮಧ್ಯಕ್ಕೆ ನಡೆದುಹೋಗಿ ಗುಂಡಿಗಳ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಯಂತ್ರ ಕೆಟ್ಟು ನಿಂತರೆ ಕಾಲುವೆಗೆ ನೀರು ಹೋಗದಂತೆ ತಡೆದು, ಕಟ್ಟೆಯ ಗೇಟು ಎತ್ತಿ ಹಳೇ ಹೊಳೆಗೆ ಬಿಡಬೇಕು. ಆ ಗೇಟಿನ ಕೆಲಸವೇ ಚಲುವರಾಜುವಿನದು. ಒಂದು ಮಧ್ಯಾಹ್ನ ಯಂತ್ರ ನಿಂತಿತು. ಕೆಳಗಿನ ಯಂತ್ರದ ಮನೆಯಿಂದ ಫೋನು ಬಂತು, ಗೇಟು ತಕ್ಷಣ ಎತ್ತು ಎಂದರು. ಎತ್ತಿದ. ಕಟ್ಟೆಯ ಮೇಲಿನಿಂದ ತಿರುವಿನಾಚೆಯ ಗುಂಡಿಗಳು ಕಾಣುವುದಿಲ್ಲ. ನೀರು ಗೋಡೆಯ ಹಾಗೆ ಬಂತು ಎಂದು ದಡದಲ್ಲಿದ್ದ ಹೆಂಗಸರು ಆಮೇಲೆ ಹೇಳಿದರು. ಚಿಕ್ಕಬಸಮ್ಮ ಗಂಟು ಎತ್ತಿಕೊಳ್ಳಲು ಬಗ್ಗಿದ್ದಳಂತೆ. ಅವಳ ಹೆಣ ಸಿಕ್ಕಿದ್ದು ಎರಡು ಮೈಲಿ ಕೆಳಗೆ, ಕಂಪನಿಯ ನೀರು ಹೊಳೆಗೆ ವಾಪಸ್ಸು ಸೇರುವ ಜಾಗದಲ್ಲಿ.

ಅಧಿಕಾರಿಗಳು ಬಂದರು. ಸೈರನ್ ಯಾಕಿಲ್ಲ ಎಂದು ಊರಿನವರು ಕೂಗಾಡಿದರು. ಸೈರನ್ ಇರಬೇಕೆಂದು ಯಾವ ಅನುಮತಿಯಲ್ಲೂ ಷರತ್ತಿಲ್ಲ ಎಂದು ಕಂಪನಿಯ ವಕೀಲ ತೋರಿಸಿದ. ಅದು ನಿಜವೇ. ಷರತ್ತು ಹಾಕುವಂಥ ವಿಚಾರಣೆಯೇ ನಡೆದಿರಲಿಲ್ಲ. ಫೋನು ಮಾಡಿದ್ದು ತಾನೆಂದು ಯಾರೂ ಒಪ್ಪಲಿಲ್ಲ. ಕೊನೆಗೆ ಅಜಾಗರೂಕತೆಯಿಂದ ಸಾವಿಗೆ ಕಾರಣನಾದ ಎಂದು ಪೊಲೀಸರು ಕೇಸು ಹಾಕಿದ್ದು ಚಲುವರಾಜುವಿನ ಮೇಲೆ. ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು.

ಮೂರು ವರ್ಷದಿಂದ ಮಾತು ಬಿಟ್ಟಿದ್ದ ನಿಂಗಯ್ಯ ಚಿಕ್ಕಬೀರಮ್ಮನ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ.

"ಅತ್ಗೆವ್ವ, ಮಗ ಊಟ ಬುಟ್ಟವ್ನೆ. ಮೈಸೂರಿಗೋಗಿ ಮೊದ್ಲೇ ಯೋಳಿದ್ದೋಳು ನೀನೇಯ. ನ್ಯಾಯಾಲಯದಲ್ಲಿ ನೀನೊಂದು ಮಾತು ಯೋಳುದ್ರೆ..."

"ಅವತ್ತು ಕೈ ಎತ್ತಿದ್ಯಲ್ಲ ನಿಂಗಯ್ಯ, ನನ್ ಮೊಕ ಯಾಕೆ ನೋಡ್ಲಿಲ್ಲ?"

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದ.

"ಬಸಮ್ಮುನ್ನ ತಿಂದದ್ದು ನಿನ್ ಮಗ ಅಲ್ಲ, ಗೊತ್ತು. ಯೋಳ್ತೀನಿ ಬುಡು. ನಿಂಗೋಸ್ಕರ ಅಲ್ಲ."

ಹೇಳಿದಳು. ಸರ್ಕಾರಿ ವಕೀಲ, ಅವಳು ಅಧಿಕಾರ ಕಳೆದುಕೊಂಡ ಹೊಟ್ಟೆಕಿಚ್ಚಿಗೆ ಮಾತಾಡುತ್ತಿದ್ದಾಳೆ ಎಂದ. ಚಲುವರಾಜು ಖುಲಾಸೆಯಾಗುವಷ್ಟರಲ್ಲಿ ಮದುವೆಯ ವಯಸ್ಸು ಮೀರಿ, ಕುಡಿತಕ್ಕೆ ಬಿದ್ದಿದ್ದ. ಕಂಪನಿಯ ಮೇಲೆ ಕೇಸೇ ಆಗಲಿಲ್ಲ. ಕಟ್ಟೆಯ ಹತ್ತಿರ ಒಂದು ಎಚ್ಚರಿಕೆ ಬೋರ್ಡು ನೆಟ್ಟರು, ಅಷ್ಟೇ. ಓದು ಬರದವರು ಆ ಕಡೆ ಹೋಗುವುದನ್ನೇ ಬಿಟ್ಟರು.

ಆಮೇಲೊಂದು ದಿನ ಹೊಳೆಯ ಮೇಲ್ಗಡೆ ಊರಿನ ನಾಲ್ಕು ಜನ ಅವಳನ್ನು ಹುಡುಕಿಕೊಂಡು ಬಂದರು. ಅವರ ಊರಿಗೂ ಜೀಪು ಬಂದಿತ್ತಂತೆ, ಚಿಕ್ಕ ಯೋಜನೆಯಂತೆ. ಏನು ಮಾಡುವುದೆಂದು ಕೇಳಿದರು. ಚಿಕ್ಕಬೀರಮ್ಮ ಅವರನ್ನು ಕೂರಿಸಿ ಮಜ್ಜಿಗೆ ಕೊಟ್ಟು, ಚಿಕ್ಕಬಸಮ್ಮನ ವಿಷಯವೂ ಸೇರಿದಂತೆ ಒಂದನ್ನೂ ಬಿಡದೆ ಹೇಳಿದಳು. ಬತ್ತಿದ ಹೊಳೆಗೆ ಕರೆದೊಯ್ದು ತೋರಿಸಿದಳು. ಅವರು ತಲೆಯಾಡಿಸಿದರು, ಲೊಚಗುಟ್ಟಿದರು, ಕೈ ಮುಗಿದು ಹೋದರು.

ಅವರ ಪಂಚಾಯಿತಿ ಒಪ್ಪಿಗೆ ಕೊಟ್ಟ ಸುದ್ದಿ ಮುಂದಿನ ತಿಂಗಳು ಕುರಿ ಕೊಳ್ಳಲು ಬಂದವನ ಬಾಯಲ್ಲಿ ಬಂತು. ಅವಳು ಅವನಿಗೆ ಕುರಿಯ ಹಲ್ಲು ತೋರಿಸುತ್ತಿದ್ದಳು. "ನನ್ ತಾವ ಬಂದಿದ್ದ ಆ ನಾಕು ಜನದಲ್ಲಿ ಯಾರ ಮಗಂಗಂತೆ ಕೆಲ್ಸ?" ಎಂದಷ್ಟೇ ಕೇಳಿದಳು.